ತಾತನ ಕ್ಯಾಮೆರಾಕ್ಕೆ ಮತ್ತೆ ರೀಲು

ಪ್ರಶ್ನೆ: ನಮ್ಮ ತಂದೆಯವರು ಬಳಸುತ್ತಿದ್ದ ಪೆಂಟಾಕ್ಸ್ ಕೆ 1000 ಕ್ಯಾಮೆರಾವನ್ನು ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಬೀರುವಿನಿಂದ ಹೊರತೆಗೆದು, ತಾತನ ಕ್ಯಾಮೆರಾಕ್ಕೆ ರೀಲು ಹಾಕಿಸಿಕೊಡಿ ಎಂದು ಕೇಳುತ್ತಿದ್ದಾಳೆ. ಮೊಬೈಲೇ ಇಷ್ಟು ಸ್ಪಷ್ಟವಾದ ಚಿತ್ರ ಕೊಡುವಾಗ ಈ ಖರ್ಚಿಗೆ ಅರ್ಥವಿದೆಯೇ? ಇಂದಿನ ಮಕ್ಕಳಿಗೆ ಅದರಲ್ಲಿ ಕಾಣುತ್ತಿರುವುದಾದರೂ ಏನು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಸ್ಪಷ್ಟತೆಯೊಂದನ್ನೇ ನೋಡುವುದಾದರೆ ನಿಮ್ಮ ಮಾತು ಸರಿ. ಮಂದ ಬೆಳಕಿನಲ್ಲಿ ಡಿಜಿಟಲ್ ಕ್ಯಾಮೆರಾ ಕೊಡುವಷ್ಟು ನಿಚ್ಚಳವಾದ ಚಿತ್ರವನ್ನು ಫಿಲ್ಮ್ ಕೊಡಲಾರದು. ಆದರೂ ಮಗಳ ಆಸೆಯನ್ನು ನಡೆಸಿಕೊಡಿ ಎಂದೇ ನಾನು ಹೇಳುತ್ತೇನೆ.

ಅವಳನ್ನೊಮ್ಮೆ ಆ ಕ್ಯಾಮೆರಾದೊಂದಿಗೆ ನಸುಕಿನಲ್ಲೇ ನಂದಿಬೆಟ್ಟಕ್ಕೆ ಕರೆದೊಯ್ಯಿರಿ. ಮೊಬೈಲಿನಲ್ಲಾದರೆ ಸೂರ್ಯ ಮೂಡುವಷ್ಟರಲ್ಲಿ ನೂರು ಚಿತ್ರ ತೆಗೆದು, ಮನೆಗೆ ಬಂದ ಮೇಲೆ ಒಳ್ಳೆಯದನ್ನು ಆರಿಸುತ್ತೇವೆ. ರೀಲಿನಲ್ಲಿ ಇರುವುದೇ 36 ಚಿತ್ರವಾದ್ದರಿಂದ ಆರಿಸುವ ಕೆಲಸ ಗುಂಡಿ ಒತ್ತುವ ಮೊದಲೇ ಮುಗಿದಿರಬೇಕು. ಮಂಜು ಇನ್ನೊಂದಿಷ್ಟು ಸರಿಯಲಿ, ಕಣಿವೆಯ ಅಂಚು ಇನ್ನೊಂದಿಷ್ಟು ಬೆಳಗಲಿ ಎಂದು ಕಾಯುವ ಆ ಹೊತ್ತಿನಲ್ಲಿ ಕಣ್ಣು ನೋಡುವುದನ್ನು ಕಲಿಯುತ್ತದೆ. ಮೇಲಾಗಿ, ಸೂರ್ಯನ ಸುತ್ತಲಿನ ಆಕಾಶವು ಡಿಜಿಟಲ್ ಸೆನ್ಸರಿನಲ್ಲಿ ಒಂದು ಮಿತಿ ದಾಟಿದೊಡನೆ ಬರಿಯ ಬಿಳಿಯಾಗಿಬಿಟ್ಟರೆ, ಹೆಚ್ಚು ಬೆಳಕನ್ನು ತಾಳಿಕೊಳ್ಳುವ ನೆಗೆಟಿವ್ ಫಿಲ್ಮಿನಲ್ಲಿ ಅದು ಮೆಲ್ಲಮೆಲ್ಲನೆ ಬಿಳುಪಿಗೆ ತಿರುಗುತ್ತದೆ.

ನನ್ನನ್ನು ಇಂದಿಗೂ ಹಿಡಿದಿಟ್ಟಿರುವ ಕಾರಣ ಬೇರೆಯೇ ಇದೆ. ಫಿಲ್ಮಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಹರಳುಗಳು ಹುದುಗಿರುತ್ತವೆ. ಕಪ್ಪು-ಬಿಳುಪಿನ ರೀಲನ್ನು ತೊಳೆದಾಗ ಬೆಳಕು ತಾಗಿದ ಹರಳುಗಳು ಕಪ್ಪು ಬೆಳ್ಳಿಯ ಕಣಗಳಾಗಿ ನಿಲ್ಲುತ್ತವೆ, ಬೆಳಕು ತಾಗದವುಗಳನ್ನು ಹೈಪೊ ಎಂಬ ರಾಸಾಯನಿಕ ಕರಗಿಸಿ ತೆಗೆಯುತ್ತದೆ. ನಿಮ್ಮ ತಂದೆಯವರ ಹಳೆಯ ನೆಗೆಟಿವ್‌ಗಳು ಎಲ್ಲಾದರೂ ಉಳಿದಿದ್ದರೆ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿ. ಅಂದು ಮನೆಯವರ ಮುಖದಿಂದ ಹೊರಟ ಬೆಳಕು ಬಂದು ಮುಟ್ಟಿದ ಪಟ್ಟಿಯೇ ಅದು, ಅದನ್ನು ನೋಡಲು ಯಾವ ಯಂತ್ರವೂ ಬೇಕಿಲ್ಲ.

ಈ ಒಲವು ನಿಮ್ಮ ಮನೆಯೊಂದರದ್ದೇ ಎಂದುಕೊಳ್ಳಬೇಡಿ. 2012ರಲ್ಲಿ ದಿವಾಳಿ ರಕ್ಷಣೆ ಕೋರಿದ್ದ ಕೊಡಕ್, ತಾನೇ ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಪೆಂಟಾಕ್ಸ್ 2024ರಲ್ಲಿ ಹೊಸದೊಂದು ಫಿಲ್ಮ್ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ಊಟಿಯಲ್ಲಿ ತಯಾರಾಗುತ್ತಿದ್ದ ನಮ್ಮದೇ ‘ಇಂದು’ ಫಿಲ್ಮ್ ಮಾತ್ರ ಮರಳಿ ಬರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ರೀಲು ಹೊರದೇಶದಿಂದ ಬರಬೇಕಾಗಿರುವುದರಿಂದ ಖರ್ಚು ಹೆಚ್ಚೆಂಬ ನಿಮ್ಮ ಅಳುಕು ಸಹಜವೇ. ತಿಂಗಳಿಗೊಂದು ರೀಲು ಸಾಕು.

ಕೆ 1000ರ ಶಟರ್ ಬ್ಯಾಟರಿಯಿಲ್ಲದೆ ಕೆಲಸ ಮಾಡುತ್ತದೆ, ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗಷ್ಟೇ. ಹಳೆಯ ಬ್ಯಾಟರಿ ಸೋರಿ ಕಿಲುಬು ಹಿಡಿದಿದೆಯೇ, ಲೆನ್ಸಿನೊಳಗೆ ಬೂಷ್ಟು ಬೆಳೆದಿದೆಯೇ ಎಂದು ಮೊದಲು ತಿಳಿದವರಿಗೆ ತೋರಿಸಿ. ನಿಮ್ಮೂರಿನ ಸ್ಟುಡಿಯೋಗಳಲ್ಲಿ ರೀಲು ತೊಳೆಯುವವರು ಸಿಗದಿದ್ದರೆ ಬೆಂಗಳೂರಿನಲ್ಲಿ ಸಿಗುತ್ತಾರೆ. ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಮೊಬೈಲಿಗೆ ಕಳುಹಿಸಿದರೆ ಕೆಲಸ ಮುಗಿಯಿತೆಂದು ಬಿಟ್ಟುಬರದೆ, ನೆಗೆಟಿವ್ ಪಟ್ಟಿಗಳನ್ನು ತಪ್ಪದೆ ಕೇಳಿ ಪಡೆದು, ತಂದೆಯವರ ನೆಗೆಟಿವ್‌ಗಳಿರುವ ಜಾಗದಲ್ಲೇ ಇಡಿ.