ಪುಟ್ಟನ ಜೊತೆ ಮನೆಯವರೆಲ್ಲ ಬನ್ನಿ ಅಂದೆ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಸಕಲೇಶಪುರದ ಕಡೆಯ ಕುಟುಂಬ. ಸಣ್ಣ ಕಾಫಿ ತೋಟ. ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಮಗಳು ನಾಲ್ಕನೇ ಕ್ಲಾಸು. ಮಗನಿಗೆ ನಾಲ್ಕು ವರ್ಷ. ಅವನನ್ನು ಎಲ್ಲರೂ ಪುಟ್ಟ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನೋಡಿ ಆಟಿಸಂ ಎಂದು ಹೇಳಿದ್ದರು. ವಾರಕ್ಕೊಮ್ಮೆ ಹಾಸನದಲ್ಲಿ ಸ್ಪೀಚ್ ಥೆರಪಿ ನಡೆಯುತ್ತಿತ್ತು.

ಆದರೆ ತಾಯಿ ನನ್ನ ಬಳಿ ಬಂದದ್ದು ಮಗನ ಮಾತಿಗಾಗಿ ಅಲ್ಲ. "ಮೇಡಂ, ಮೊನ್ನೆ ಅವನಿಗೆ ಹೊಡೆದುಬಿಟ್ಟೆ" ಎಂದು ಅತ್ತರು. ಕುಕ್ಕರ್ ಕೂಗಿದರೆ ಪುಟ್ಟ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಅವತ್ತು ಹಾಸನದ ಬಸ್ಸಿಗೆ ತಡವಾಗಿತ್ತು. ತಟ್ಟೆಯಲ್ಲಿ ಅನ್ನಕ್ಕೆ ಸಾರು ತಾಗಿತು ಅಂತ ತಟ್ಟೆಯನ್ನೇ ಎಸೆದ. ಇವರ ಕೈ ಎದ್ದಿತು.

ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಗಂಡ "ನಾನೂ ಲೇಟಾಗೇ ಮಾತಾಡಿದ್ದು, ಸುಮ್ನಿರು" ಅನ್ನುತ್ತಿದ್ದರು. ಅತ್ತೆ ದೇವರಿಗೆ ಹರಕೆ ಹೊತ್ತಿದ್ದರು. ಬಂದ ನೆಂಟರೆಲ್ಲ "ಮೊಬೈಲ್ ಕೊಟ್ಟು ಹೀಗಾಯ್ತು" ಎಂದು ತಾಯಿಯನ್ನೇ ನೋಡುತ್ತಿದ್ದರು.

ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಇಂಥ ತಾಯಂದಿರನ್ನು ಇದು ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. "ಒಂದೆರಡು ಸಲ ಬಂದಿದೆ" ಅಂದರು. ಅಂದೇ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ಹೇಳಿದೆ. ಮುಂದಿನ ಸಲ ಎಲ್ಲರನ್ನೂ ಕರೆತನ್ನಿ, ಅತ್ತೆಯವರನ್ನೂ ಬಿಡಬೇಡಿ ಅಂದೆ.

ಬಂದರು. ಕೊಯ್ಲಿನ ಸಮಯ, ಆಳು ಸಿಗುವುದಿಲ್ಲ ಎನ್ನುತ್ತಲೇ ತಂದೆಯೂ ಬಂದರು. ಮೊದಲು ಒಂದೇ ಮಾತು ಹೇಳಿದೆ. ಆಟಿಸಂ ಮಿದುಳಿನ ಬೆಳವಣಿಗೆಗೆ ಸೇರಿದ್ದು. ಹುಟ್ಟಿನಿಂದಲೇ ಬಂದಿರುತ್ತದೆ. ಮೊಬೈಲಿಂದ ಬಂದದ್ದಲ್ಲ, ಲಸಿಕೆಯಿಂದ ಬಂದದ್ದಲ್ಲ, ತಾಯಿ ಸಾಕಿದ ರೀತಿಯಿಂದಂತೂ ಅಲ್ಲವೇ ಅಲ್ಲ. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ಹಿಂದೆ ಪಶ್ಚಿಮದ ಕೆಲವು ತಜ್ಞರೇ ಹೇಳುತ್ತಿದ್ದರು. ಆ ಮಾತು ಎಂದೋ ಬಿದ್ದುಹೋಗಿದೆ. ಅತ್ತೆ ಬಹಳ ಹೊತ್ತು ಸೊಸೆಯ ಮುಖ ನೋಡುತ್ತಿದ್ದರು.

ಹರಕೆ ಬಿಡಿ ಎಂದು ನಾನು ಹೇಳಲಿಲ್ಲ. ಅದು ಅವರ ಧೈರ್ಯ. ಆದರೆ 'ಪೂರ್ತಿ ಗುಣ ಮಾಡುತ್ತೇವೆ' ಎಂದು ದುಡ್ಡು ಕೇಳುವವರ ಹತ್ತಿರ ಹೋಗಬೇಡಿ ಎಂದು ಒತ್ತಿ ಹೇಳಿದೆ.

ವಾರಕ್ಕೆ ಮುಕ್ಕಾಲು ಗಂಟೆ ಥೆರಪಿ. ಉಳಿದ ಹೊತ್ತೆಲ್ಲ ಮಗು ಮನೆಯಲ್ಲೇ ಇರುತ್ತದೆ ಅಲ್ವಾ? ಅದಕ್ಕೇ ಮನೆಯವರಿಗೆ ಕಲಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2ರಿಂದ 9 ವರ್ಷದ ಮಕ್ಕಳ ಪೋಷಕರಿಗಾಗಿ ರೂಪಿಸಿದ ತರಬೇತಿಯಲ್ಲಿ ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ ಇವೆ. ಆಟದಲ್ಲಿ, ಊಟದಲ್ಲಿ, ಸ್ನಾನದಲ್ಲಿ ಮಗುವನ್ನು ಹೇಗೆ ಸೇರಿಸಿಕೊಳ್ಳಬೇಕು ಎಂದು ಕಲಿಸುತ್ತಾರೆ. ನೋಡಿಕೊಳ್ಳುವವರ ನೆಮ್ಮದಿಯೂ ಅದರ ಪಾಠವೇ. ನಾನು ಈ ಮನೆಯವರಿಗೆ ಹೇಳಿದ್ದು ಅದೇ ದಾರಿಯಲ್ಲಿ.

ಎಲ್ಲಕ್ಕಿಂತ ಚೆನ್ನಾಗಿ ಹಿಡಿದುಕೊಂಡವರು ಅಜ್ಜಿ. ಜಗುಲಿಯಲ್ಲಿ ಉಯ್ಯಾಲೆ ಇದೆ, ಪುಟ್ಟನಿಗೆ ಅದೆಂದರೆ ಪ್ರಾಣ. ತೂಗಿ, ನಡುವೆ ನಿಲ್ಲಿಸಿ, ಸುಮ್ನೆ ಕಾಯಿರಿ ಅಂದೆ. ಮಾತಾಡು ಎಂದು ಒತ್ತಾಯ ಬೇಡ. ಅವನು ನೋಡಿದರೂ ಸಾಕು, ಕೈ ಮುಟ್ಟಿದರೂ ಸಾಕು, 'ಊಂ' ಅಂದರೂ ಸಾಕು. ತಕ್ಷಣ "ತೂಗು" ಎಂದು ಹೇಳಿ ತೂಗಬೇಕು. ಕೆಲವು ದಿನ ಪುಟ್ಟ ಸಿಟ್ಟಾದ, ಕೆಲವು ದಿನ ಇಳಿದು ಹೋದ. ಅಜ್ಜಿ ಬಿಡಲಿಲ್ಲ. ಆಮೇಲೆ ಅವನೇ ಅವರ ಕೈ ಹಿಡಿದು ಹಗ್ಗದ ಮೇಲಿಟ್ಟು ಮುಖ ನೋಡತೊಡಗಿದ. ಅಜ್ಜಿಯ ತಾಳ್ಮೆ ಯಾವ ಥೆರಪಿಸ್ಟ್‌ಗೂ ಕಡಿಮೆ ಇರಲಿಲ್ಲ.

ಕುಕ್ಕರ್ ಇಡುವ ಮೊದಲು ಅದರ ಚಿತ್ರ ತೋರಿಸಿ, ಪುಟ್ಟನನ್ನು ಅಂಗಳಕ್ಕೆ ಕರೆದೊಯ್ಯಿರಿ ಅಂದೆ. ಅನ್ನ ಒಂದು ಕಡೆ, ಸಾರು ಬೇರೆ ಬಟ್ಟಲಲ್ಲಿ. ಇದು ಮುದ್ದು ಮಾಡಿ ಕೆಡಿಸುವುದಲ್ಲ. ಕೆಲವು ಶಬ್ದ, ಕೆಲವು ರುಚಿ ಅವನಿಗೆ ನಿಜಕ್ಕೂ ತಡೆಯಲಾಗುವುದಿಲ್ಲ.

ತಂದೆಗೆ ಕೊಟ್ಟ ಕೆಲಸ ಎರಡು. ಸಂಜೆ ಕಣದಿಂದ ಬಂದ ಮೇಲೆ ಸ್ನಾನ, ಊಟ, ಮಲಗಿಸುವುದು ಅವರದ್ದು. ಆ ಹೊತ್ತಿನಲ್ಲಿ ತಾಯಿ ಏನು ಮಾಡುತ್ತಾರೆ ಎಂದು ಯಾರೂ ಕೇಳಬಾರದು. ಎರಡನೆಯದು ಕಾಗದಪತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಪ್ರಮಾಣಪತ್ರ ಸಿಕ್ಕ ಮೇಲೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೆ ಸೇರಿಸಿ ಅಂದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಇದೆ. 'ಮಗನಿಗೆ ಹಣೆಪಟ್ಟಿ ಬೇಡ' ಎಂದು ತಂದೆ ಹಿಂಜರಿದರು. ಕಾರ್ಡ್ ಇಲ್ಲದಿದ್ದರೂ ಪುಟ್ಟ ಇರುವ ಹಾಗೆಯೇ ಇರುತ್ತಾನೆ, ಸೌಲಭ್ಯ ಮಾತ್ರ ಕೈ ತಪ್ಪುತ್ತದೆ ಎಂದೆ.

ಅಕ್ಕನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅವಳನ್ನೇ ಕೇಳಿದೆ. "ನನ್ನ ಪುಸ್ತಕ ಹರಿದರೂ ನಾನೇ ಸುಮ್ನಿರಬೇಕು" ಅಂದಳು. ಅವಳ ಪುಸ್ತಕಕ್ಕೆ ಬೀಗ ಹಾಕುವ ಪೆಟ್ಟಿಗೆ ಕೊಡಿಸಲು ಹೇಳಿದೆ. ಭಾನುವಾರ ಒಂದಿಷ್ಟು ಹೊತ್ತು ಅಮ್ಮ ಅವಳೊಬ್ಬಳಿಗೇ. 'ನಾಳೆ ತಮ್ಮನನ್ನು ನೀನೇ ನೋಡಿಕೊಳ್ಳಬೇಕು' ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಬಾರದು. ಒಂಬತ್ತು ವರ್ಷದ ಮಗುವಿಗೆ ಹೊರಿಸುವ ಮಾತಲ್ಲ ಅದು.

ಕೊಯ್ಲು ಮುಗಿಯುವ ಹೊತ್ತಿಗೆ ತಾಯಿಗೆ ನಿದ್ದೆ ಬರುತ್ತಿತ್ತು. ಔಷಧಿ ಇನ್ನೂ ನಡೆದಿದೆ. ಪುಟ್ಟ ಈಗಲೂ ಹೆಚ್ಚು ಮಾತಾಡುವುದಿಲ್ಲ, ಆದರೆ ನೀರು ಬೇಕಾದರೆ ಚೊಂಬು ತೋರಿಸುತ್ತಾನೆ. ಒಂದು ಮದುವೆಗೂ ಹೋಗಿ ಬಂದರು. ನಾನು ಹೇಳಿದ ಹಾಗೆ ಬೇಗ ಹೋಗಿ, ವಾದ್ಯ ಜೋರಾಗುವ ಮೊದಲೇ ಹೊರಟರು.

ಈಗಿನ ಚಿಂತೆ ಶಾಲೆ. ಆಟಿಸಂ ಇದೆ ಎಂಬ ಕಾರಣಕ್ಕೆ ಮಾನ್ಯತೆ ಪಡೆದ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ತಾರತಮ್ಯ ಮಾಡುವ ಹಾಗಿಲ್ಲ, ಅದೇ 2016ರ ಕಾಯ್ದೆ ಹಾಗೆ ಹೇಳುತ್ತದೆ. ಜೂನ್‌ಗೆ ಮುಂಚೆ ಹೆಡ್‌ಮಾಸ್ಟರನ್ನು ಕಂಡು, ಯಾವ ಶಬ್ದ ಆಗದು, ಏನು ಕೊಟ್ಟರೆ ಸಮಾಧಾನ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ ಅಂದಿದ್ದೇನೆ. ಈ ಸಲ ಹೋಗುವವರು ತಂದೆ.