ಎಐ ಏಜೆಂಟ್ ರೆಪೊದಲ್ಲಿ (ಕೋಡ್ ಇಡುವ ಸಂಗ್ರಹದಲ್ಲಿ) ಏನು ಬದಲಿಸಬಹುದು ಅನ್ನೋದಕ್ಕೆ ಮಿತಿ ಹಾಕೋದು ಹೇಗೆ?

"ವರ್ಕ್‌ಫ್ಲೋ ಫೈಲ್ ಮುಟ್ಟಬೇಡ" (ಟೆಸ್ಟ್‌ನಂಥ ಕೆಲಸಗಳನ್ನು ತಾನಾಗಿ ನಡೆಸಲು ಹೇಳುವ ಫೈಲ್ ಅದು) ಅಂತ ಏಜೆಂಟ್‌ನ ಸೂಚನಾ ಫೈಲಿನಲ್ಲಿ ಬರೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದು ಬರೀ ಕೋರಿಕೆ. ಏಜೆಂಟ್ ಸಾಮಾನ್ಯವಾಗಿ ಮಾತು ಕೇಳುತ್ತದೆ, ಒಮ್ಮೊಮ್ಮೆ ಕೇಳುವುದಿಲ್ಲ. ತಡೆ ಇರಬೇಕಾದ್ದು ಅದರ ಕೈಗೆ ಸಿಗದ ಕಡೆ, ಅಂದರೆ ಸರ್ವರ್‌ನಲ್ಲಿ.

ನಿಮ್ಮ ಕೋಡ್ ಇರೋದು ಗಿಟ್‌ಹಬ್‌ನಲ್ಲಾದರೆ, ಮೊದಲು ಏಜೆಂಟ್‌ಗೆ ಬೇರೆಯದೇ ಟೋಕನ್ (ರೆಪೊಗೆ ಪ್ರವೇಶ ಕೊಡುವ ಗುಪ್ತ ಕೀಲಿ) ಕೊಡಿ. ನಿಮ್ಮದನ್ನೇ ಕೊಟ್ಟರೆ ನೀವು ಮಾಡಬಹುದಾದ್ದನ್ನೆಲ್ಲ ಅದೂ ಮಾಡಬಹುದು, ಅಲ್ವಾ? ಒಂದೇ ರೆಪೊಗೆ ಸೀಮಿತವಾದ, ಬೇಗ ಅವಧಿ ಮುಗಿಯುವ ಟೋಕನ್ ಸಾಕು. ಅದಕ್ಕೆ 'ವರ್ಕ್‌ಫ್ಲೋಸ್' ಅನುಮತಿ ಕೊಡಬೇಡಿ. ಆಗ ಏಜೆಂಟ್ ವರ್ಕ್‌ಫ್ಲೋ ಫೈಲ್ ತಿದ್ದಿ ಪುಶ್ ಮಾಡಲು (ಸರ್ವರ್‌ಗೆ ಕಳಿಸಲು) ಹೋದರೆ ಗಿಟ್‌ಹಬ್ಬೇ ತಿರಸ್ಕರಿಸುತ್ತದೆ.

ಮೇನ್ ಬ್ರಾಂಚಿಗೆ (ಕೋಡಿನ ಮುಖ್ಯ ಪ್ರತಿಗೆ) ನೇರ ಪುಶ್ ಬಂದ್ ಮಾಡಿ, ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸುವ ಮೊದಲು ಪರಿಶೀಲನೆಗೆ ಇಡೋದು) ಕಡ್ಡಾಯ ಮಾಡಿ. ಲಾಗಿನ್ ಕೋಡ್, ಡೇಟಾಬೇಸ್ ಮೈಗ್ರೇಶನ್ (ಡೇಟಾಬೇಸಿನ ರಚನೆ ಬದಲಿಸುವ ಕೋಡ್) ಇಂಥವನ್ನು ಕೋಡ್‌ಓನರ್ಸ್ ಫೈಲಿನಲ್ಲಿ (ಯಾವ ಫೈಲಿಗೆ ಯಾರು ಹೊಣೆ ಅನ್ನೋ ಪಟ್ಟಿಯಲ್ಲಿ) ಮನುಷ್ಯರ ಹೆಸರಿಗೆ ಬರೆದು, ಅವರ ಒಪ್ಪಿಗೆ ಬೇಕೇ ಬೇಕು ಅನ್ನೋ ಸೆಟ್ಟಿಂಗ್ ಆನ್ ಮಾಡಿ. ಕೋಡ್‌ಓನರ್ಸ್ ಫೈಲಿಗೂ ಒಬ್ಬ ಓನರ್ ಇರಲಿ. ಇದನ್ನು ಮರೆಯೋದು ಸುಲಭ.

ಟೆಸ್ಟ್ ಫೈಲ್‌ಗಳ ಮೇಲೂ ಕಣ್ಣಿಡಿ. "ಟೆಸ್ಟ್ ಪಾಸ್ ಮಾಡಿಸು" ಅಂದರೆ ಏಜೆಂಟ್ ಕೋಡ್ ತಿದ್ದೋದು ಬಿಟ್ಟು ಟೆಸ್ಟನ್ನೇ ಸಡಿಲ ಮಾಡೋದೂ ಉಂಟು.