ಅಟ್ಟ ಸೇರಿದ ವೈದ್ಯ ಪುಸ್ತಕ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಮನೆಯವರ ಒಪ್ಪಿಗೆ ಇದೆ.)

ಅವರನ್ನು ಸವಿತಾ ಎಂದು ಕರೆಯೋಣ. ವಯಸ್ಸು 29. ಊರು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ಎಸ್ಟೇಟಿನ ಪಕ್ಕ. ಗಂಡ ಅದೇ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವರು. ಮನೆಯಲ್ಲಿ ಅತ್ತೆ, 4 ವರ್ಷದ ಮಗಳು, 14 ತಿಂಗಳ ಮಗ. ಸವಿತಾ ಡಿ.ಎಡ್ ಮಾಡಿದ್ದಾರೆ, ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹಾಸನದಲ್ಲಿ ನನ್ನ ಎದುರು ಕೂತಾಗ ಅವರು ಕೇಳಿದ ಮೊದಲ ಮಾತು: "ಮೇಡಂ, ನಾನು ಓದಿದ್ದೇ ತಪ್ಪಾಯ್ತಾ?"

ಓದಿದ್ದು ಅಂದರೆ ಡಿ.ಎಡ್ ಅಲ್ಲ. ಮನೆಯಲ್ಲೇ ಮಕ್ಕಳ ಕಾಯಿಲೆ ನೋಡಿಕೊಳ್ಳುವುದು ಹೇಗೆ ಎಂದು ತಿಳಿಸುವ ಒಂದು ದಪ್ಪ ಪುಸ್ತಕ. ಮಗಳಿಗೆ ಎರಡು ವರ್ಷ ಇದ್ದಾಗ ಜ್ವರ ಏರಿ ಫಿಟ್ಸ್ ಬಂದಿತ್ತು. ಮಗು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಿದ್ದನ್ನು ಸವಿತಾ ಒಬ್ಬರೇ ನೋಡಿದ್ದರು. ಆಮೇಲೆ ಅತ್ತೆ ಬಂದು ಮಗುವಿನ ಕೈಗೆ ಬೀಗದ ಕೈ ಕೊಟ್ಟರು, ಯಾರೋ ಈರುಳ್ಳಿ ಮೂಸಿಸಿದರು. ಅದಾದ ಮೇಲೆ ತಮ್ಮನ ಹತ್ತಿರ ಹೇಳಿ ಪುಸ್ತಕ ತರಿಸಿಕೊಂಡರು. ಇನ್ನೊಮ್ಮೆ ಹಾಗಾದರೆ ಏನು ಮಾಡಬೇಕು ಅನ್ನೋದು ಗೊತ್ತಿರಬೇಕು ಅನ್ನುವ ಒಂದೇ ಆಸೆ. ಒಳ್ಳೆಯ ಆಸೆ ಅದು.

ಆದರೆ ಅವರು ಓದಿದ್ದು ಮಧ್ಯರಾತ್ರಿ, ಮಗು ಕೆಮ್ಮುವಾಗ. ಮಗನಿಗೆ ಮೈ ಸ್ವಲ್ಪ ಬಿಸಿ ಇದ್ದರೂ ಗಂಟೆಗೊಮ್ಮೆ ಎಬ್ಬಿಸಿ ಥರ್ಮಾಮೀಟರ್ ಇಡುತ್ತಿದ್ದರು. 99 ಡಿಗ್ರಿಗೇ ಪ್ಯಾರಾಸಿಟಮಾಲ್ ಹಾಕುತ್ತಿದ್ದರು, ಫಿಟ್ಸ್ ಬರದಿರಲಿ ಅಂತ. ಪುಸ್ತಕದ ಹಾಳೆಗಳಿಗೆ ಬಣ್ಣ ಬಣ್ಣದ ಚೀಟಿ. ಅದರಲ್ಲಿ ಸಾಕಾಗದಿದ್ದರೆ ಮೊಬೈಲ್.

ಕಳೆದ ಮಳೆಗಾಲದಲ್ಲಿ ಮಗನಿಗೆ ಹೊಟ್ಟೆ ಕೆಟ್ಟಿತು. ನಾಲ್ಕೈದು ಸಲ ನೀರುನೀರಾಗಿ ಭೇದಿ. ಸವಿತಾ ಪುಸ್ತಕ ತೆಗೆದರು. ಭೇದಿಯಿಂದ ಶುರುವಾದ ಓದು ಕಾಲರಾಕ್ಕೆ ಹೋಯಿತು, ಅಲ್ಲಿಂದ ಕರುಳು ಮಡಚಿಕೊಳ್ಳುವ ತೊಂದರೆಗೆ. ಮಗು ಅಳುತ್ತಿತ್ತು, ಅದೂ ಲಕ್ಷಣಗಳಲ್ಲಿ ಇತ್ತು. ರಾತ್ರಿ ಸುರಿಯುವ ಮಳೆಯಲ್ಲಿ ಸುಮಾರು 40 ಕಿಲೋಮೀಟರ್ ಜೀಪಿನಲ್ಲಿ ಹಾಸನಕ್ಕೆ ಬಂದರು. ಬರುವ ಹೊತ್ತಿಗೆ ಮಗು ಆಟ ಆಡುತ್ತಿತ್ತು. ಆಸ್ಪತ್ರೆಯಲ್ಲಿ ನೋಡಿದವರು "ಇಷ್ಟಕ್ಕೆಲ್ಲಾ ಇಷ್ಟು ದೂರ ಬಂದ್ರಾ? ಪುಸ್ತಕ ಓದಿ ಡಾಕ್ಟರ್ ಆಗೋಕೆ ಹೋಗಬೇಡಿ" ಎಂದು ಗದರಿದರಂತೆ. ಮನೆಗೆ ಬಂದ ಮೇಲೆ ಗಂಡ ಪುಸ್ತಕವನ್ನು ಅಟ್ಟಕ್ಕೆ ಹಾಕಿದರು.

ಎರಡು ತಿಂಗಳ ನಂತರ ಅದೇ ಮಗುವಿಗೆ ನೆಗಡಿ, ಕೆಮ್ಮು, ಜ್ವರ. ಎರಡನೇ ದಿನ ಉಸಿರು ಜೋರಾಯಿತು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಸವಿತಾ ಅದನ್ನು ನೋಡಿದರು. ಓದಿದ್ದು ನೆನಪಿತ್ತು. ಆದರೂ ಬಾಯಿ ಬಿಡಲಿಲ್ಲ. "ಮತ್ತೆ ಬೈತಾರೆ ಅಂತ ಸುಮ್ನಿದ್ದೆ ಮೇಡಂ." ಅತ್ತೆ ಕಫ ಕಟ್ಟಿದೆ ಎಂದು ದೊಡ್ಡಪತ್ರೆ ರಸ ಕೊಟ್ಟರು. ಬೆಳಿಗ್ಗೆ ಮಗು ಹಾಲು ಕುಡಿಯಲಿಲ್ಲ. ಆಗ ಹೊರಟರು. ನ್ಯುಮೋನಿಯಾ. ಐದು ದಿನ ಆಸ್ಪತ್ರೆಯಲ್ಲಿದ್ದು ಮಗು ಗುಣವಾಯಿತು. ಸವಿತಾ ನಿದ್ದೆ ಮಾಡುವುದನ್ನೇ ಬಿಟ್ಟರು.

ಈ ಎರಡೂ ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ಓದಿದ್ದರಿಂದ ಭಯ ಜಾಸ್ತಿಯಾಯಿತು. ಎರಡನೇ ಸಲ ಓದಿದ್ದು ಸರಿಯಾಗೇ ಇತ್ತು, ಬೈಗುಳದ ಭಯ ಅದನ್ನು ಮುಚ್ಚಿಹಾಕಿತು. ಹೆತ್ತವಳನ್ನು ಓದಿದ್ದಕ್ಕಾಗಿ ಅವಮಾನ ಮಾಡಿದರೆ ಅದರ ಬೆಲೆ ಮಗು ಕೊಡುತ್ತದೆ. ಇದನ್ನು ಅವರ ಗಂಡನಿಗೆ ನೇರವಾಗಿಯೇ ಹೇಳಿದೆ. ಅವರು ತಲೆ ತಗ್ಗಿಸಿ ಕೂತರು. ಬಹಳ ಹೊತ್ತಿನ ಮೇಲೆ, "ನಂಗೂ ಭಯನೇ ಮೇಡಂ, ಅದಕ್ಕೇ ಕೋಪ ಬಂತು" ಎಂದರು.

ಸವಿತಾಗೆ ಹೇಳಿದ್ದು ಇಷ್ಟು. ನೀವು ಪುಸ್ತಕಕ್ಕೆ ಕೇಳುತ್ತಿರುವ ಪ್ರಶ್ನೆಯೇ ಬೇರೆಯಾಗಬೇಕು. "ಇದು ಯಾವ ಕಾಯಿಲೆ?" ಅಂತ ಕೇಳಿದರೆ ಅದು ಹತ್ತು ಹೆಸರು ಕೊಡುತ್ತದೆ, ಹತ್ತರಲ್ಲಿ ಒಂದಾದರೂ ಭಯಂಕರವಾಗಿರುತ್ತದೆ. ಹೆಸರು ಹಚ್ಚುವುದು ಮಗುವನ್ನು ಮುಟ್ಟಿ ನೋಡುವ ವೈದ್ಯರ ಕೆಲಸ. ನೀವು ಕೇಳಬೇಕಾದ್ದು: ಈಗಲೇ ಹೊರಡಬೇಕಾ, ಬೆಳಗಿನವರೆಗೆ ಕಾಯಬಹುದಾ, ಕಾಯುವಾಗ ಏನು ಮಾಡಬೇಕು? ಮನೆ ವೈದ್ಯದ ಒಳ್ಳೆಯ ಪುಸ್ತಕ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ. ಕೊಡದಿದ್ದರೆ ಆ ಪುಸ್ತಕ ಬೇಡ.

ಅಟ್ಟದಿಂದ ಪುಸ್ತಕ ಇಳಿಸಿ ತರುವುದಕ್ಕೆ ಹೇಳಿದೆ. ಅಚ್ಚಾದ ವರ್ಷ ನೋಡಿದೆವು. ಹಳೇ ಪುಸ್ತಕಗಳಲ್ಲಿ ಮಕ್ಕಳ ಜ್ವರಕ್ಕೆ ಆಸ್ಪಿರಿನ್, ಮೈಗೆ ಸ್ಪಿರಿಟ್ ಒರೆಸುವುದು, ಭೇದಿಯಾದರೆ ಊಟ ನಿಲ್ಲಿಸುವುದು ಎಲ್ಲಾ ಇರಬಹುದು. ಇವನ್ನು ಈಗ ಯಾವ ಮಕ್ಕಳ ವೈದ್ಯರೂ ಹೇಳುವುದಿಲ್ಲ. ಔಷಧದ ಡಬ್ಬಿಗೂ ಇದೇ ಮಾತು. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಎಂಬ ಜ್ವರ-ನೋವಿನ ಔಷಧ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಕೆಮ್ಮಿನ ಸಿರಪ್ಪನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಸಮಯ ಅದು. ಸವಿತಾ ಮನೆಯಲ್ಲಿ ಅರ್ಧ ಉಳಿದ ಆಂಟಿಬಯಾಟಿಕ್ ಬಾಟಲಿಯೂ ಇತ್ತು. ಹೋದ ವರ್ಷದ್ದು.

ಪುಸ್ತಕ ಇಟ್ಟುಕೊಳ್ಳಿ ಎಂದು ನಾನು ಹೇಳಿದ್ದಕ್ಕೆ ಕಾರಣ ಇದೆ. ಆ ಕಡೆ ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಪುಸ್ತಕ ಟಾರ್ಚ್ ಬೆಳಕಿನಲ್ಲೂ ಸಿಗುತ್ತದೆ. ಮತ್ತೆ ಪುಟಕ್ಕೆ ಒಂದು ಕೊನೆ ಇರುತ್ತದೆ, ಮೊಬೈಲಿನ ಹುಡುಕಾಟಕ್ಕೆ ಇಲ್ಲ. ಭಯದ ಸ್ವಭಾವ ಇರುವವರಿಗೆ ಈ ವ್ಯತ್ಯಾಸ ದೊಡ್ಡದು. ಷರತ್ತು ಒಂದೇ: ಮಕ್ಕಳು ಚೆನ್ನಾಗಿರುವಾಗ, ಹಗಲು ಹೊತ್ತಿನಲ್ಲಿ ಓದಿ. ಹುಷಾರಿಲ್ಲದ ರಾತ್ರಿ ನೋಡುವುದಕ್ಕೆ ಒಂದೇ ಒಂದು ಹಾಳೆ ಇರಲಿ. ಆ ಹಾಳೆಯನ್ನು ನೀವು ಮೂವರೂ ಕೂತು ಬರೆಯಿರಿ.

ಮೂವರು ಅಂದಾಗ ಸವಿತಾ ಮುಖ ಸಣ್ಣದಾಯಿತು. "ಅತ್ತೆ ಒಪ್ಪಲ್ಲ. ಭೇದಿ ಆದಾಗ ನೀರೇ ಕುಡಿಸಬೇಡ ಅಂತಾರೆ."

ಮುಂದಿನ ಸಲ ಅತ್ತೆಯೂ ಬಂದರು. ಅವರ ಮೊದಲ ಮಗು ಭೇದಿಯಲ್ಲೇ ತೀರಿಹೋಗಿತ್ತು. ಎಂಟು ತಿಂಗಳ ಗಂಡು ಮಗು. ನೀರು ಕೊಟ್ಟರೆ ಭೇದಿ ಜಾಸ್ತಿ ಎಂದು ಆಗಿನ ಹಿರಿಯರು ನಿಲ್ಲಿಸಿದ್ದರು. ಅವರೂ ಅದನ್ನೇ ನಂಬಿದ್ದರು. ಈ ವಿಷಯ ಸೊಸೆಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಮಗು ಹೋಗುವುದು ಭೇದಿಯ ಜೊತೆ ಮೈಯ ನೀರು, ಉಪ್ಪು ಹರಿದುಹೋಗಿ ಎಂದು ನಾನು ಅವರಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಈಗ ಹೇಳಿದರೆ ಹಳೆಯ ಸಾವಿನ ಭಾರ ಅವರ ತಲೆ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಅವರೇ ಕೇಳಿದರು, "ನೀರು ಕೊಟ್ಟಿದ್ರೆ ಉಳೀತಿತ್ತಾ ಅವ್ವಾ?" ನಾನು ಹೇಳಿದೆ: "ಆಗ ನಿಮಗೆ ಹೇಳುವವರು ಯಾರೂ ಇರಲಿಲ್ಲ ಅಮ್ಮ. ಗೊತ್ತಿದ್ದಷ್ಟನ್ನು ಮಾಡಿದ್ರಿ." ಸವಿತಾ ಅವರ ಕೈ ಹಿಡಿದುಕೊಂಡರು. ಆ ದಿನ ಬೇರೇನೂ ಮಾತಾಡಲಿಲ್ಲ.

ಹಾಳೆ ಆಮೇಲೆ ತಯಾರಾಯಿತು. ನಾನು ಆಪ್ತಸಲಹೆಗಾರ್ತಿ, ವೈದ್ಯೆ ಅಲ್ಲ. ಹಾಗಾಗಿ ಮಗನ ಲಸಿಕೆಗೆ ಹೋದಾಗ ಅದನ್ನು ಮಕ್ಕಳ ವೈದ್ಯರಿಗೆ ತೋರಿಸಿ, ತಿದ್ದಿಸಿಕೊಂಡು ಬನ್ನಿ ಎಂದಿದ್ದೆ. ಅವರು ತಿದ್ದಿ, ಬಾಟಲಿಗಳ ಮೇಲೂ ಎಷ್ಟು ಎಂಎಲ್ ಎಂದು ಬರೆದುಕೊಟ್ಟರು. ಇದು ನಿಮ್ಮ ಮನೆಯಲ್ಲೂ ಆಗಬೇಕಾದ ಕೆಲಸ. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿಗಲ್ಲ, ತೂಕಕ್ಕೆ: ಒಂದು ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250. ಸಿರಪ್ಪಿನ 5 ಎಂಎಲ್ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಹತ್ತು ಕಿಲೋ ಮಗುವಿಗೆ 500 ಮಿಲಿಗ್ರಾಂ ಹೋಗಿಬಿಡುತ್ತದೆ. ನಿದ್ದೆಗಣ್ಣಿನಲ್ಲಿ ಇಂಥದ್ದು ಆಗುವುದು ಕಷ್ಟವೇನಲ್ಲ.

ಹಾಳೆಯ ಮೇಲ್ಭಾಗದಲ್ಲಿ, ದಪ್ಪ ಅಕ್ಷರದಲ್ಲಿ, ತಕ್ಷಣ ಹೊರಡಬೇಕಾದ್ದು ಇದೆ. ಮಗು ಏನೂ ಕುಡಿಯುತ್ತಿಲ್ಲ. ಕುಡಿದಿದ್ದೆಲ್ಲ ವಾಂತಿ. ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ. ಫಿಟ್ಸ್. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದೆ. ಆರೇಳು ಗಂಟೆಗಳಿಂದ ಉಚ್ಚೆ ಹೋಗಿಲ್ಲ. ಭೇದಿಯಲ್ಲಿ ರಕ್ತ. ಇದರಲ್ಲಿ ಒಂದು ಕಂಡರೂ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, 108ಕ್ಕೆ ಫೋನ್ ಮಾಡಿ ಅಥವಾ ಜೀಪ್ ತೆಗೆಯುವುದು. "ಹೋದ ಮೇಲೆ ಏನೂ ಇಲ್ಲ ಅಂದರೂ ಬೈಯುವ ಹಾಗಿಲ್ಲ" ಎಂದು ಗಂಡ ತಾವೇ ಕೆಳಗೆ ಬರೆದು ಸಹಿ ಹಾಕಿದರು. ಎಳೆಮಕ್ಕಳಿರುವ ಮನೆಯವರು ಇನ್ನೊಂದು ಸಾಲು ಸೇರಿಸಿಕೊಳ್ಳಿ: ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ, ಬೇರೆ ಏನೂ ಇಲ್ಲದಿದ್ದರೂ ಅವತ್ತೇ, ಆಗಲೇ ವೈದ್ಯರ ಹತ್ತಿರ.

ಉಸಿರು ಎಣಿಸುವ ಕೆಲಸ ಗಂಡನದ್ದು. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಅದಕ್ಕಿಂತ ಜಾಸ್ತಿ, ಒಂದರಿಂದ ಐದು ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ಜೋರು ಉಸಿರು. ತಡಮಾಡದೆ ತೋರಿಸಬೇಕು. ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಕಲಿಸಿರುತ್ತಾರೆ.

ಭೇದಿಯ ಕೆಲಸ ಅತ್ತೆಯದ್ದು. ಅವರೇ ಕೇಳಿ ತೆಗೆದುಕೊಂಡರು. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಕಲಸಬೇಕು. ದೊಡ್ಡದು 1 ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. 24 ಗಂಟೆ ಆದ ಮೇಲೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್, ಚಮಚದಲ್ಲಿ, ನಿಧಾನವಾಗಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಓಆರ್‌ಎಸ್ ಅಲ್ಲ. ಎದೆಹಾಲು, ಊಟ ನಿಲ್ಲಿಸಬಾರದು. ಅತ್ತೆಯ ಉಪ್ಪು ಹಾಕಿದ ಗಂಜಿ ತಿಳಿಗೆ ವೈದ್ಯರೂ ಸೈ ಎಂದರು. ಜಿಂಕ್ ಮಾತ್ರೆಯನ್ನು ಅವರು ಬರೆದುಕೊಟ್ಟರೆ 14 ದಿನ ಪೂರ್ತಿ ಕೊಡಬೇಕು, ಭೇದಿ ನಿಂತರೂ. ಅತ್ತೆ ಬಿಡಬೇಕಾಗಿ ಬಂದದ್ದೂ ಇದೆ. ಆರು ತಿಂಗಳೊಳಗೆ ಬಜೆ, ಗ್ರೈಪ್ ವಾಟರ್ ಏನೂ ಬಾಯಿಗೆ ಹಾಕಬಾರದು, ಜೇನುತುಪ್ಪ ಒಂದು ವರ್ಷದೊಳಗೆ ನೆಕ್ಕಿಸಬಾರದು ಎಂದಾಗ "ನಮ್ಮ ಮಕ್ಕಳೆಲ್ಲಾ ತಿಂದಿದ್ದಾರಲ್ಲ" ಎಂದರು. ಈಗಲೂ ಪೂರ್ತಿ ಒಪ್ಪಿಲ್ಲ. ಮಗನಿಗೆ ಆ ವಯಸ್ಸು ದಾಟಿರುವುದರಿಂದ ಆ ಜಗಳ ಸದ್ಯಕ್ಕೆ ಇಲ್ಲ.

ಫಿಟ್ಸ್ ಬಗ್ಗೆ ಹೆಚ್ಚು ಸಮಯ ಕೊಟ್ಟೆವು, ಸವಿತಾ ಭಯದ ಬೇರು ಅಲ್ಲೇ ಇದ್ದಿದ್ದರಿಂದ. ಜ್ವರದ ಫಿಟ್ಸ್ ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದೊಳಗೆ ಬರುತ್ತದೆ. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ಹೆಚ್ಚಿನ ಮಕ್ಕಳ ಮಿದುಳಿಗೆ ಅದರಿಂದ ಏನೂ ಆಗುವುದಿಲ್ಲ. ಪ್ಯಾರಾಸಿಟಮಾಲ್ ಮಗುವಿನ ನರಳಾಟ ಕಡಿಮೆ ಮಾಡುತ್ತದೆ, ಫಿಟ್ಸ್ ತಡೆಯುವುದಿಲ್ಲ. ಇದನ್ನು ಕೇಳಿ ಅವರು ಅತ್ತರು. ಮಗಳಿಗೆ ಅವತ್ತು ಔಷಧ ಕೊಡಲು ತಡವಾಗಿದ್ದಕ್ಕೇ ಹಾಗಾಯಿತು ಎಂದು ಎರಡು ವರ್ಷದಿಂದ ನಂಬಿದ್ದರು. ಬಂದರೆ ಮಾಡಬೇಕಾದ್ದನ್ನು ಮೂವರೂ ದಿಂಬು ಇಟ್ಟುಕೊಂಡು ಅಭ್ಯಾಸ ಮಾಡಿದರು: ನೆಲದ ಮೇಲೆ ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಕೈಕಾಲು ಒತ್ತಿ ಹಿಡಿಯದಿರುವುದು, ಗಡಿಯಾರ ನೋಡುವುದು. ನಿಂತ ಮೇಲೂ ವೈದ್ಯರಿಗೆ ತೋರಿಸಬೇಕು. 5 ನಿಮಿಷ ದಾಟಿದರೆ ದಾರಿಯಲ್ಲಿರಬೇಕು.

ಮಲೆನಾಡಿನ ಜ್ವರಕ್ಕೆ ಒಂದು ಮಾತು ಬೇರೆ ಸೇರಿಸಿದೆವು. ಮಳೆಗಾಲದಲ್ಲಿ ಜ್ವರ ಎರಡು ದಿನ ದಾಟಿದರೆ ರಕ್ತ ಪರೀಕ್ಷೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ್ದು, ಆಗ ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ, ಮಂಕು ಇದ್ದರೆ ಓಡಬೇಕು. ಡೆಂಗಿ ಇಲ್ಲ ಎಂದು ಗೊತ್ತಾಗುವವರೆಗೆ ಐಬುಪ್ರೊಫೆನ್ ಎಂಬ ಜ್ವರ-ನೋವಿನ ಔಷಧ ಬೇಡ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಎನ್.ಆರ್.ಪುರದ ಕಡೆಯವರು ಬೇಸಿಗೆಯಲ್ಲಿ ಮಂಗನ ಕಾಯಿಲೆಯನ್ನೂ ನೆನಪಿಡಬೇಕು.

ಇನ್ನು ಸವಿತಾ ಅವರ ನಿದ್ದೆ. ಮಲಗಿರುವ ಮಗುವನ್ನು ಥರ್ಮಾಮೀಟರಿಗಾಗಿ ಎಬ್ಬಿಸುವ ಹಾಗಿಲ್ಲ ಎಂದು ಒಪ್ಪಂದವಾಯಿತು. ಹುಷಾರಿಲ್ಲದ ರಾತ್ರಿ ಎರಡು ಗಂಟೆಯ ನಂತರ ಗಂಡನ ಸರದಿ. ಮೊದಲ ವಾರ ಅವರು ಮಲಗಿದ್ದರೂ ಕಣ್ಣು ಮುಚ್ಚಲಿಲ್ಲ. ಎದೆ ಬಡಿತ, ಬೆವರು, ಮಗುವಿಗೆ ಏನೋ ಆಗುತ್ತದೆ ಎಂಬ ಚಿತ್ರ ಮತ್ತೆ ಮತ್ತೆ. ಇದು ಬರೀ ಮಾತಿನಿಂದ ಹೋಗುವುದಲ್ಲ ಅನಿಸಿ ಮನೋವೈದ್ಯರ ಬಳಿ ಕಳಿಸಿದೆ. ಇಂಥ ಸ್ಥಿತಿಯಲ್ಲಿರುವ ತಾಯಂದಿರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಆಮೇಲೆ ಮಗಳಿಗೆ ಒಮ್ಮೆ ವಾಂತಿ, ಜ್ವರ ಬಂತು. ಹಾಳೆ ನೋಡಿದರು. ಮೇಲ್ಭಾಗದ್ದು ಯಾವುದೂ ಇರಲಿಲ್ಲ. ಓಆರ್‌ಎಸ್ ಕೊಟ್ಟು, ಬೆಳಿಗ್ಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಸವಿತಾ ಆ ರಾತ್ರಿ ಮೂರು ಗಂಟೆ ಮಲಗಿದ್ದರು. ಚಿಕಿತ್ಸೆ ಮುಂದುವರಿದಿದೆ. ಪುಸ್ತಕ ಈಗ ತಾಯಿ ಕಾರ್ಡಿನ ಜೊತೆ ಅಲಮಾರಿನಲ್ಲಿದೆ. ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳ ತಾಯಂದಿರಿಗೂ ಆ ಹಾಳೆಯ ಜೆರಾಕ್ಸ್ ಕೊಡಬಹುದಾ ಎಂದು ಅವರ ಗಂಡ ಕೇಳಿದ್ದಾರೆ. ಕೊಡಿ, ಆದರೆ ಔಷಧದ ಎಂಎಲ್ ಸಾಲನ್ನು ಖಾಲಿ ಬಿಟ್ಟು ಕೊಡಿ, ಅದನ್ನು ಆಯಾ ಮಗುವಿನ ತೂಕ ನೋಡಿ ವೈದ್ಯರೇ ತುಂಬಲಿ ಎಂದು ಹೇಳಿದ್ದೇನೆ.